ಗೆರೆ ತಪ್ಪದ ಗರಗಸ

ತಿಪಟೂರಿನಿಂದ ತುರುವೇಕೆರೆ ಕಡೆ ಹೊರಟರೆ ನಡುವೆ ಸಿಗುವುದು ನೊಣವಿನಕೆರೆ. ದೊಡ್ಡ ಕೆರೆ, ಕಾಡಸಿದ್ಧೇಶ್ವರ ಮಠ, ಆಮೇಲೆ ಕಣ್ಣು ಹೋದಷ್ಟೂ ತೆಂಗು. ಈ ಸೀಮೆಯ ಯಾವ ಹಳ್ಳಿಯಲ್ಲಾದರೂ ಮನೆಯೋ ಕೊಟ್ಟಿಗೆಯೋ ಏಳುತ್ತಿದ್ದರೆ ಅದು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಅದು ಕೈಗರಗಸದ ಸದ್ದಲ್ಲ, ಕರೆಂಟಿನ ಕಟಿಂಗ್ ಮಷೀನಿನ ಕಿರುಚು. ಬೈಕಿನ ಹಿಂದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಬಹುದಾದ ಈ ಯಂತ್ರ ಇಲ್ಲದ ಮರಗೆಲಸದವರು ಈಗ ಇಲ್ಲವೆಂದೇ ಹೇಳಬೇಕು. ಮರಗೆಲಸದವರೇ ಏಕೆ, ತೋಟ ಇರುವ ಎಷ್ಟೋ ಮನೆಗಳ ಅಟ್ಟದ ಮೇಲೂ ಒಂದು ಇರುತ್ತದೆ.

ಮಷೀನು ಬಂದು ಕೆಲಸ ಬೇಗವಾಯಿತು, ನಿಜ. ನೆಟ್ಟಗಾಯಿತೇ ಎಂದು ಕೇಳಿದರೆ ಹೌದೆನ್ನಲು ನಾಲಿಗೆ ತಡವರಿಸುತ್ತದೆ. ಹೊಸ ಕೊಟ್ಟಿಗೆಯ ಮಾಡಿಗೆ ಬಡಿದ ರಿಪೀಸನ್ನು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ. ಅಂಚು ಒಂದೆಡೆ ಒಳಕ್ಕೆ, ಒಂದೆಡೆ ಹೊರಕ್ಕೆ ಓಡಿರುತ್ತದೆ. ಕೇಳಿದರೆ “ಕೈ ಸ್ವಲ್ಪ ಅಲುಗಿತು ಕಣಣ್ಣ” ಎಂಬ ಉತ್ತರ ಸಿದ್ಧ. ಕೈಯನ್ನು ದೂರುವುದು ಸುಲಭ. ಆದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡನ್ನು ಬರಿಗೈ ನಂಬಿಕೊಂಡು ಎಂಟಡಿ ನೆಟ್ಟಗೆ ಒಯ್ಯುವುದು ಪಳಗಿದ ಆಚಾರಿಗೂ ಆಗದ ಕೆಲಸ. ಅದರಲ್ಲೂ ತೆಂಗಿನ ಮರದಲ್ಲಿ ಇನ್ನೂ ಕಷ್ಟ. ಕೊಯ್ತ ನೆಟ್ಟಗೆ ಬರುತ್ತದೋ ಇಲ್ಲವೋ ಎಂಬುದು ಸ್ವಿಚ್ ಒತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ಗೆರೆ, ಗರಗಸ ಒರಗಿ ಓಡುವ ಪಟ್ಟಿ, ಬ್ಲೇಡು, ಮರದ ಕೆಳಗಿನ ಆಸರೆ, ಈ ನಾಲ್ಕು ಸರಿಯಿದ್ದರೆ ನಿನ್ನೆ ಕೆಲಸಕ್ಕೆ ಸೇರಿದ ಹುಡುಗನೂ ಗೆರೆ ತಪ್ಪದೆ ಕುಯ್ಯುತ್ತಾನೆ. ಇಲ್ಲದಿದ್ದರೆ ಮೇಸ್ತ್ರಿಯೂ ತಪ್ಪುತ್ತಾನೆ.

ನಮ್ಮ ಕಡೆ ಕುಯ್ಯುವ ಮರಕ್ಕೇನೂ ಬರವಿಲ್ಲ. ತಿಪಟೂರು ಟಾಲ್ ಎಂದು ಹೆಸರಾದ ಈ ಎತ್ತರದ ತಳಿ ಆರೇಳು ವರ್ಷಕ್ಕೆ ಫಸಲಿಗೆ ಬಂದು ಅರವತ್ತು, ಎಪ್ಪತ್ತು ವರ್ಷ ನಿಲ್ಲುತ್ತದೆ. ಅಜ್ಜ ನೆಟ್ಟ ತೋಟಗಳು ಈಗ ಒಟ್ಟಿಗೇ ಮುಪ್ಪಾಗುತ್ತಿವೆ. ಅದರ ಮೇಲೆ 2016–17ರ ಬರ ಬಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಸುತ್ತ ಸುಳಿ ಒಣಗಿ ಬೋಳಾಗಿ ನಿಂತ ಮರಗಳಿಗೆ ಲೆಕ್ಕವಿರಲಿಲ್ಲ. ಬರ ಉಳಿಸಿದ್ದನ್ನು ಕೆಂಪು ಮೂತಿ ಹುಳ, ಕಾಂಡ ಸೋರುವ ರೋಗ, ಅಣಬೆ ರೋಗ ಹಂಚಿಕೊಳ್ಳುತ್ತಿವೆ. ತೆಂಗು ಕಡಿಯಲು ಅರಣ್ಯ ಇಲಾಖೆಯ ಬಾಗಿಲು ತಟ್ಟಬೇಕಾಗಿಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅದಕ್ಕೆ ವಿನಾಯಿತಿ ಕೊಟ್ಟಿದೆ. ಹೀಗೆ ಉರುಳಿದ ಮರಗಳಲ್ಲಿ ಬಹುಪಾಲು ಇಟ್ಟಿಗೆ ಗೂಡಿನ ಪಾಲು. ಮೂರು ತಲೆಮಾರು ಕಾಯಿ ಕೊಟ್ಟ ಮರ ಒಂದು ರಾತ್ರಿಯ ಉರುವಲಾಗುವುದನ್ನು ನೋಡಿ ಹೊಟ್ಟೆ ಉರಿಯುವವರು ಅದನ್ನು ಸೀಳಿಸಿ ತೊಲೆ, ತೀರು, ರಿಪೀಸು ಮಾಡಿಸಿಕೊಳ್ಳುತ್ತಾರೆ. ಕೊಟ್ಟಿಗೆಗೆ, ಹೆಂಚಿನ ಮಾಡಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಕೊಬ್ಬರಿಯ ಅಟ್ಟಕ್ಕೆ ಅದು ಆಗಿಬರುತ್ತದೆ.

ಅಟ್ಟದ ಲೆಕ್ಕವನ್ನೇ ತೆಗೆದುಕೊಳ್ಳಿ. ಉಂಡೆ ಕೊಬ್ಬರಿಯಾಗಬೇಕಾದ ಕಾಯಿಯನ್ನು ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಹರಡಿ ಬಿಡಬೇಕು. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅಲ್ಲಿಯವರೆಗೆ ಕೆಳಗಿನಿಂದ ಗಾಳಿಯಾಡುತ್ತಿರಬೇಕು. ಅದಕ್ಕೇ ಅಟ್ಟಕ್ಕೆ ಹಲಗೆ ಮುಚ್ಚುವುದಿಲ್ಲ. ಬಿದಿರು, ಅಡಿಕೆ ದಬ್ಬೆ ಇಲ್ಲವೇ ತೆಂಗಿನ ರಿಪೀಸನ್ನು ಸಂದು ಬಿಟ್ಟು ಹಾಸುತ್ತಾರೆ. ಹತ್ತಡಿ ಅಗಲದ ಕೋಣೆಗೆ ಎರಡಿಂಚಿನ ರಿಪೀಸು, ಒಂದಿಂಚು ಸಂದು ಎಂದರೆ ನಲವತ್ತು ರಿಪೀಸು. ಪ್ರತಿಯೊಂದೂ ಒಂದೇ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಹೆಚ್ಚಾಯಿತೆನ್ನಿ. ನಲವತ್ತಕ್ಕೆ ಐದಿಂಚು. ಕೊನೆಯ ಒಂದೂವರೆ ಸಾಲಿಗೆ ಜಾಗವೇ ಇಲ್ಲ. ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಆದರಂತೂ ಸಾಲು ಸೊಟ್ಟಗೆ ತಿರುಗಿ ಗೋಡೆಯ ಹತ್ತಿರ ತ್ರಿಕೋನದ ಸಂದು ಉಳಿಯುತ್ತದೆ, ಆ ಸಂದಿನಲ್ಲಿ ಸಣ್ಣ ಕಾಯಿ ಕೆಳಗಿಳಿದು ತಲೆಯ ಮೇಲೆ ಬೀಳುತ್ತದೆ. ಒಂದು ನೂಲಿಗೆ ಯಾರು ನೋಡುತ್ತಾರೆ ಎನ್ನುವವರು ಅಟ್ಟ ಕಟ್ಟಿದವರಲ್ಲ.

ಇನ್ನು ಮರದ ವಿಷಯ. ತೇಗವೋ ಹಲಸೋ ಕುಯ್ದು ಪಳಗಿದ ಕೈ ತೆಂಗಿಗೆ ಬಂದಾಗ ಮೋಸ ಹೋಗುತ್ತದೆ. ಬೇರೆ ಮರಗಳಲ್ಲಿ ಕೆಚ್ಚು ನಡುವೆ ಇರುತ್ತದೆ, ಹೊರಗೆ ಬೆಳ್ಳಗಿನ ಮೆದು ಭಾಗ. ತೆಂಗು ಹುಲ್ಲು, ಬಿದಿರು, ಅಡಿಕೆಗಳ ಹಾಗೆ ಏಕದಳದ್ದು. ಇದಕ್ಕೆ ವರ್ಷಕ್ಕೊಂದು ಬಳೆ ಇಲ್ಲ, ಟೊಂಗೆ ಇಲ್ಲ, ಆದ್ದರಿಂದ ಗಂಟೂ ಇಲ್ಲ. ಕೆಚ್ಚು ಹೊರಗೆ, ಬೆಂಡು ಒಳಗೆ. ಹೊಸದಾಗಿ ಕತ್ತರಿಸಿದ ದಿಮ್ಮಿಯ ತುದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದರೆ ಎಲ್ಲ ಎದ್ದು ಕಾಣುತ್ತದೆ. ಸಿಪ್ಪೆಯ ಪಕ್ಕದಲ್ಲೇ ಕಪ್ಪು ಕಂದು ಚುಕ್ಕೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಒಳಕ್ಕೆ ಬಂದಂತೆ ಚುಕ್ಕೆಗಳು ದೂರವಾಗುತ್ತಾ, ನಡುಮಧ್ಯದಲ್ಲಿ ಮಸುಕು ಬೆಂಡಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿಯುತ್ತವೆ. ಆ ಚುಕ್ಕೆಗಳೇ ನೀರು, ಆಹಾರ ಸಾಗಿಸುವ ನಾರಿನ ಕಂತೆಗಳು. ಮರಕ್ಕೆ ಬಲ ಬರುವುದು ಅವುಗಳಿಂದ. ತೆಂಗಿನ ಮರದ ಮೇಲೆ ಕೆಲಸ ಮಾಡಿದವರು ಇದನ್ನು ಮೂರು ಭಾಗ ಮಾಡುತ್ತಾರೆ. ಘನ ಮೀಟರಿಗೆ 600 ಕಿಲೋಗಿಂತ ಹೆಚ್ಚು ತೂಗುವ ಹೊರಗಿನ ಕೆಚ್ಚು, 400ರಿಂದ 600ರವರೆಗಿನ ನಡುವಿನದು, 400ಕ್ಕೂ ಕಡಿಮೆಯ ತಿರುಳು. ಭಾರ ಹೊರುವ ತೊಲೆ, ತೀರಿಗೆ ಮೊದಲನೆಯದೇ ಆಗಬೇಕು. ಮರದ ಬುಡದ ಭಾಗದಲ್ಲಿ ಕೆಚ್ಚಿನ ಬಳೆ ದಪ್ಪ, ಮೇಲಕ್ಕೆ ಹೋದಂತೆ ತೆಳು. ಹರೆಯದ ಮರ ಬಿದ್ದರೆ ಅದರಲ್ಲಿ ಕೆಚ್ಚಿನ ಆಸೆಯನ್ನೇ ಬಿಡಬೇಕು.

ಇದಕ್ಕೂ ಕೊಯ್ತ ನೆಟ್ಟಗೆ ಬರುವುದಕ್ಕೂ ನೇರ ಸಂಬಂಧವಿದೆ. ರಿಪೀಸು ಸೀಳುವಾಗ ಬ್ಲೇಡಿನ ಒಂದು ಮಗ್ಗುಲಿಗೆ ಗಟ್ಟಿ ಕೆಚ್ಚು, ಇನ್ನೊಂದು ಮಗ್ಗುಲಿಗೆ ಮೆದು ಮರ. ಬ್ಲೇಡು ಯಾವತ್ತೂ ಸುಲಭದ ದಾರಿ ಹುಡುಕುತ್ತದೆ, ಮೆದುವಿನ ಕಡೆಗೆ ಜಾರುತ್ತದೆ. ಕೈ ಅದನ್ನು ಗೆರೆಗೆ ಎಳೆಯುತ್ತದೆ, ಮತ್ತೆ ಜಾರುತ್ತದೆ, ಮತ್ತೆ ಎಳೆಯುತ್ತದೆ. ನಾವು ಕಾಣುವ ಅಂಕುಡೊಂಕು ಈ ಎಳೆದಾಟದ ಗುರುತು. ಜೊತೆಗೆ ಕೆಚ್ಚಿನ ಗಡಸಿಗೂ ಅದರೊಳಗಿನ ಸಿಲಿಕಕ್ಕೂ ಹಲ್ಲು ಬೇಗ ಮೊಂಡಾಗುತ್ತದೆ, ಮೊಂಡು ಬ್ಲೇಡು ಇನ್ನೂ ಹೆಚ್ಚು ಜಾರುತ್ತದೆ. ಮಾಮೂಲಿ ಉಕ್ಕಿನ ಬ್ಲೇಡು ತೆಂಗಿನ ಮುಂದೆ ಅರ್ಧ ದಿನ ನಿಲ್ಲುವುದೂ ಕಷ್ಟ. ಹಲ್ಲಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿದ, ಅಂಗಡಿಯಲ್ಲಿ ಟಿ.ಸಿ.ಟಿ. ಎಂದು ಕೇಳುವ ಬ್ಲೇಡೇ ಬೇಕು.

ತೆಂಗಿನ ಮರ ಕುಯ್ಯುವ ಈ ತಲೆನೋವು ನಮಗಷ್ಟೇ ಬಂದದ್ದಲ್ಲ. ಫಿಲಿಪೀನ್ಸ್ ದೇಶದವರು 1970ರ ದಶಕದಲ್ಲೇ ಮುದಿ ತೋಟಗಳ ಮರವನ್ನು ಏನು ಮಾಡುವುದೆಂದು ಯೋಚಿಸಿ, ಜಾಂಬೊವಾಂಗಾದಲ್ಲಿ ತೆಂಗಿನ ಮರ ಕುಯ್ಯುವ, ಒಣಗಿಸುವ ಸಂಶೋಧನೆಗೆ ಕೈ ಹಾಕಿದರು. ಅಲ್ಲಿನ ಅಧ್ಯಕ್ಷರ ಮಡದಿ ಇಮೆಲ್ಡಾ ಮಾರ್ಕೋಸ್ ಮನಿಲಾದಲ್ಲಿ ತೆಂಗಿನ ಮರ, ಚಿಪ್ಪು ಬಳಸಿ ಒಂದು ಅರಮನೆಯನ್ನೇ ಕಟ್ಟಿಸಿದರು. 1981ರಲ್ಲಿ ಬಂದ ಪೋಪ್ ಎರಡನೇ ಜಾನ್ ಪಾಲ್, ಬಡವರ ದೇಶದಲ್ಲಿ ಇಷ್ಟು ಆಡಂಬರ ಬೇಡವೆಂದು ಅಲ್ಲಿ ತಂಗಲು ಒಪ್ಪಲಿಲ್ಲ. ಅದೇನೇ ಇರಲಿ, ತೆಂಗಿನ ಮರ ಉರುವಲಿಗಷ್ಟೇ ಲಾಯಕ್ಕು ಎನ್ನುವವರಿಗೆ ಆ ಅರಮನೆಯೇ ಉತ್ತರ.

ಕೈಯಲ್ಲಿ ಹಿಡಿಯುವ ಕರೆಂಟಿನ ಗರಗಸ ಹುಟ್ಟಿದ್ದೂ ಹೊಲದಲ್ಲೇ ಎಂದರೆ ಆಶ್ಚರ್ಯವಾದೀತು. 1920ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಎಡ್ಮಂಡ್ ಮಿಶೆಲ್ ಎಂಬಾತ, ಕೂಲಿಗಳು ಮಚ್ಚಿನಲ್ಲಿ ಕಬ್ಬು ಕಡಿಯುತ್ತಾ ದಣಿಯುವುದನ್ನು ನೋಡಿ ಮಚ್ಚಿಗೇ ಮೋಟಾರು ಕಟ್ಟಲು ಹೊರಟ. ಕಬ್ಬಿನ ಗದ್ದೆಗೆ ಅದು ಒಗ್ಗಲಿಲ್ಲ, ಮರಗೆಲಸದವರ ಕೈಗೆ ಬಂತು. ಮುಂದೆ ಸ್ಕಿಲ್‌ಸಾ ಎಂದು ಹೆಸರಾದ ಗರಗಸ ಅದರ ಸಂತಾನ. ಆದರೆ ನಮ್ಮ ಹಳ್ಳಿಗಳಲ್ಲಿ ಹೆಚ್ಚು ಓಡಾಡುವುದು ಇದಲ್ಲ, ಮಾರ್ಬಲ್ ಕಟರ್. ಕಲ್ಲು, ಟೈಲ್ಸ್ ಕುಯ್ಯಲೆಂದು ಮಾಡಿದ ನಾಲ್ಕಿಂಚಿನ ಯಂತ್ರಕ್ಕೆ ಮರದ ಹಲ್ಲಿನ ಬ್ಲೇಡು ಸಿಕ್ಕಿಸಿಕೊಂಡು ಬಾಗಿಲು, ಕಿಟಕಿ, ರಿಪೀಸು ಎಲ್ಲವನ್ನೂ ಅದರಲ್ಲೇ ಮುಗಿಸುತ್ತಾರೆ. ಅಗ್ಗ, ಹಗುರ, ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ ಎಂಬುದು ಅದರ ಪರವಾದ ವಾದ. ವಿರುದ್ಧದ ವಾದ ಉದ್ದ ಇದೆ. ಅದು ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತದೆ. 110 ಮಿಲಿಮೀಟರ್ ಬ್ಲೇಡಿನ ಅಂಚು ಆಗ ಗಂಟೆಗೆ 250 ಕಿಲೋಮೀಟರ್‌ಗೆ ಹತ್ತಿರದ ವೇಗದಲ್ಲಿ ಓಡುತ್ತಿರುತ್ತದೆ. ಮರಕ್ಕೆಂದೇ ಮಾಡಿದ ಏಳಿಂಚಿನ ಗರಗಸದ್ದು 5,000 ಸುತ್ತು, 175 ಕಿಲೋಮೀಟರ್ ಆಸುಪಾಸು. ಮಾರ್ಬಲ್ ಕಟರ್‌ನ ಬೇಸು ಗೇಣುದ್ದ, ಪಟ್ಟಿಗೆ ಒತ್ತಿ ಹಿಡಿದರೂ ತೊನೆಯುತ್ತದೆ. ಬ್ಲೇಡು ಮರಕ್ಕೆ ಇಳಿಯುವುದು ಒಂದೂಕಾಲು ಇಂಚಿನಷ್ಟು ಮಾತ್ರ. ಎರಡಿಂಚು ದಪ್ಪದ ತೀರಾದರೆ ಮೇಲೊಮ್ಮೆ ಕೆಳಗೊಮ್ಮೆ ಕುಯ್ದು ಎರಡು ಗೆರೆ ಸೇರಿಸಬೇಕು, ಅವು ಸೇರುವುದು ಅಪರೂಪ. ಕೊಯ್ತ ಮುಗಿದ ಮೇಲೆ ಬ್ಲೇಡನ್ನು ತಾನೇ ಮುಚ್ಚಿಕೊಳ್ಳುವ ಕೆಳಗಿನ ಗಾರ್ಡು ಅದಕ್ಕಿಲ್ಲ. ಹಲ್ಲಿನ ಬ್ಲೇಡು ಹಾಕಬೇಡಿ ಎಂದು ತಯಾರಕರ ಪುಸ್ತಕದಲ್ಲೇ ಇರುತ್ತದೆ, ಪುಸ್ತಕ ಡಬ್ಬದ ಜೊತೆ ಗುಜರಿಗೆ ಹೋಗಿರುತ್ತದೆ. ನನ್ನ ಮಟ್ಟಿಗೆ ಮಾತು ಸ್ಪಷ್ಟ. ವರ್ಷಕ್ಕೆ ನಾಲ್ಕು ರಿಪೀಸಿಗಿಂತ ಹೆಚ್ಚು ಕುಯ್ಯುವವರು ಏಳಿಂಚಿನ ಗರಗಸವನ್ನೇ ಕೊಳ್ಳಬೇಕು.

ಕೆಲಸ ಶುರುವಾಗುವುದು ತೋಟದಲ್ಲಿ. ಮರ ಬಿದ್ದ ಮೇಲೆ ಚೈನ್‌ಸಾದವರು ಹತ್ತು, ಹನ್ನೆರಡು ಅಡಿಯ ತುಂಡು ಮಾಡಿ, ಉದ್ದಕ್ಕೆ ಸೀಳಿ ಕೊಡುತ್ತಾರೆ. ಅದಕ್ಕೆ ಮುಂಚೆ ಕಾಂಡವನ್ನು ಸುತ್ತ ತಡವಿ ನೋಡಬೇಕು. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಬಡಿದ ಮೊಳೆ, ಬಟ್ಟೆ ಒಣಹಾಕುವ ತಂತಿಯ ಮೊಳೆ, ಎಂದೋ ಹಸು ಕಟ್ಟಿದ ಕೊಂಡಿ, ಇವೆಲ್ಲ ಮರದಲ್ಲೇ ಉಳಿದುಕೊಂಡಿರುತ್ತವೆ. ಒಂದು ಮೊಳೆ ಸಾಕು, ಚೈನೂ ಹೋಯಿತು, ಆ ಹೊತ್ತಿನ ಕೆಲಸವೂ ಹೋಯಿತು. ಚೈನ್‌ಸಾದ ಹಲ್ಲು ಅಡ್ಡಕ್ಕೆ ಕತ್ತರಿಸಲು ಮಾಡಿದ್ದು, ಮೂವತ್ತು ಡಿಗ್ರಿ ಓರೆಗೆ ಅರ ಹಾಕಿರುತ್ತಾರೆ. ಉದ್ದಕ್ಕೆ ಸೀಳುವ ಚೈನಿಗೆ ಹತ್ತು ಡಿಗ್ರಿ ಸಾಕು, ಅದು ಬೇರೆಯೇ ಸಿಗುತ್ತದೆ. ಬದಲಾಯಿಸುವ ತಾಳ್ಮೆ ಕಡಿಮೆ ಜನಕ್ಕೆ. ಚೈನ್‌ಸಾ ಒಂದು ಸೀಳಿಗೆ ಮರವನ್ನು ಹೊಟ್ಟು ಮಾಡುವುದು ಇಂಚಿನ ಮೂರನೇ ಒಂದು ಭಾಗದಷ್ಟು. ಅದರಿಂದ ನೆಟ್ಟನೆಯ ಅಂಚನ್ನು ಯಾರೂ ಬಯಸುವುದಿಲ್ಲ. ಕೆಚ್ಚಿನ ಬಳೆಯನ್ನು ಬೆಂಡಿನಿಂದ ಬಿಡಿಸಿ, ದಪ್ಪ ಹಲಗೆಗಳಾಗಿ ಕೊಟ್ಟರೆ ಅದರ ಕೆಲಸ ಮುಗಿಯಿತು. ಆಮೇಲೆ ಹಲಗೆಗಳನ್ನು ನೆರಳಿನಲ್ಲಿ ಸಂದು ಬಿಟ್ಟು ಒಟ್ಟಿ ಒಣಗಿಸಬೇಕು. ಹಸಿ ಮರದಲ್ಲಿ ಎಷ್ಟೇ ನೆಟ್ಟಗೆ ಕುಯ್ದರೂ ಒಣಗುವಾಗ ಗಟ್ಟಿ ಭಾಗ, ಮೆದು ಭಾಗ ಒಂದೇ ಸಮ ಕುಗ್ಗದೆ ರಿಪೀಸು ಬಿಲ್ಲಾಗುತ್ತದೆ.

ಈಗ ಹಲಗೆ ಕೈಗೆ ಬಂತು. ಒಂದು ಅಂಚು ಮರದ ದುಂಡು, ಇನ್ನೊಂದು ಚೈನ್‌ಸಾದ ಉಬ್ಬುತಗ್ಗು. ಗರಗಸದ ಜೊತೆ ಬರುವ ಕಬ್ಬಿಣದ ಚಿಕ್ಕ ಗೈಡನ್ನು ಇದರ ಮೇಲೆ ಬಳಸಿದರೆ ಪ್ರಯೋಜನವಿಲ್ಲ. ಆ ಗೈಡು ಅಂಚು ಹೇಗಿದೆಯೋ ಹಾಗೇ ಹೋಗುತ್ತದೆ, ಅಂಚಿನ ಡೊಂಕನ್ನೇ ಹೊಸ ಕೊಯ್ತಕ್ಕೆ ನಕಲು ಮಾಡುತ್ತದೆ. ಮೊದಲ ಅಂಚನ್ನು ಪಟ್ಟಿ ಕಟ್ಟಿಯೇ ತೆಗೆಯಬೇಕು. ಅದೊಂದು ನೆಟ್ಟಗಾದರೆ ಮಿಕ್ಕ ರಿಪೀಸುಗಳಿಗೆ ಚಿಕ್ಕ ಗೈಡು ಧಾರಾಳವಾಗಿ ಸಾಕು.

ನೂಲು ಹೊಡೆದು ಗೆರೆ ಹಾಕುವುದು ಎಲ್ಲರಿಗೂ ಗೊತ್ತು. ಎರಡೂ ತುದಿಯಲ್ಲಿ ಬಿಗಿಯಾಗಿ ಹಿಡಿದು, ನಡುವೆ ನೆಟ್ಟಗೆ ಮೇಲಕ್ಕೆ ಎತ್ತಿ ಬಿಟ್ಟರೆ ಗೆರೆ ಖಚಿತ, ಓರೆಯಾಗಿ ಎತ್ತಿದರೆ ಗೆರೆಯೇ ಬಾಗುತ್ತದೆ. ಒಬ್ಬ ಮೇಲೆ, ಒಬ್ಬ ಗುಂಡಿಯಲ್ಲಿ ನಿಂತು ದೊಡ್ಡ ಗರಗಸ ಎಳೆಯುತ್ತಿದ್ದ ಕಾಲದಲ್ಲಿ ಈ ನೂಲೇ ಸರ್ವಸ್ವ. ದಿಮ್ಮಿಯ ಮೇಲಷ್ಟೇ ಅಲ್ಲ, ಕೆಳಗೂ ಗೆರೆ ಹಾಕಿಕೊಳ್ಳುತ್ತಿದ್ದರು. ಆ ನಿಧಾನದ ಗರಗಸಕ್ಕೆ ಪ್ರತಿ ಎಳೆತದಲ್ಲೂ ತಿದ್ದಿಕೊಳ್ಳುವ ಅವಕಾಶ ಇತ್ತು. ಚಕ್ರದ ಗರಗಸಕ್ಕೆ ಅದಿಲ್ಲ. ದುಂಡು ಬ್ಲೇಡು ಒಮ್ಮೆ ಮರದೊಳಗೆ ಇಳಿದರೆ ತಿರುಗಿಸಲು ಬರುವುದಿಲ್ಲ. ತಿರುಗಿಸಿದರೆ ಹಿಂಭಾಗ ಉಜ್ಜಿ ಮರ ಸುಟ್ಟು ಕಪ್ಪಾಗುತ್ತದೆ, ಮೋಟಾರು ನರಳುತ್ತದೆ. ಹಾಗಾಗಿ ಗೆರೆ ಎಂಬುದು ಪಟ್ಟಿ ಎಲ್ಲಿಡಬೇಕೆಂದು ಹೇಳುವ ಗುರುತು ಅಷ್ಟೇ.

ಪಟ್ಟಿಗೆ ದುಡ್ಡು ಸುರಿಯಬೇಕಾಗಿಲ್ಲ. ಗಾರೆಯವರು ಬಳಸುವ ಅಲ್ಯೂಮಿನಿಯಂ ಬಾಕ್ಸ್ ಪಟ್ಟಿ ಒಳ್ಳೆಯದು. ಪ್ಲೈವುಡ್ಡಿನಿಂದ ಸೀಳಿದ ನಾಲ್ಕಿಂಚಿನ ತುಂಡೂ ಆಗುತ್ತದೆ, ಕಾರ್ಖಾನೆಯಲ್ಲೇ ಕತ್ತರಿಸಿದ ಅಂಚನ್ನು ಗರಗಸದ ಕಡೆಗೆ ಇಡಬೇಕು, ಅದು ಎಂಟಡಿಯುದ್ದಕ್ಕೂ ನೆಟ್ಟಗಿರುತ್ತದೆ. ಆದರೆ ಪಟ್ಟಿಯನ್ನು ನಂಬುವ ಮೊದಲು ಪರೀಕ್ಷೆ ಮಾಡಿ. ನುಣುಪಾದ ಹಲಗೆಯ ಮೇಲೆ ಪಟ್ಟಿ ಇಟ್ಟು ಚೂಪು ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆಯಿರಿ. ಪಟ್ಟಿಯನ್ನು ಗೆರೆಯ ಆಚೆ ಬದಿಗೆ ಮಗುಚಿ, ಅದೇ ಅಂಚಿನಿಂದ ಅದೇ ಎರಡು ತುದಿಗಳ ನಡುವೆ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಪಟ್ಟಿ ಸಾಚಾ. ನಡುವೆ ಸಂದು ಕಂಡರೆ ಪಟ್ಟಿಯ ಡೊಂಕು ಆ ಸಂದಿನ ಅರ್ಧ. ಇದಕ್ಕಿಂತ ಅಗ್ಗದ, ಇದಕ್ಕಿಂತ ಖಚಿತವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಪಟ್ಟಿಯನ್ನು ಗೆರೆಯ ಮೇಲೆ ಇಡುವುದಲ್ಲ, ಗೆರೆಯಿಂದ ಆಚೆ ಇಡಬೇಕು. ಗರಗಸದ ಬೇಸಿನ ಅಂಚಿನಿಂದ ಬ್ಲೇಡಿನ ಹಲ್ಲಿನವರೆಗಿನ ಅಂತರ ಎಷ್ಟೋ ಅಷ್ಟು ಆಚೆ. ಪ್ರತಿ ಸಲ ಈ ಅಂತರ ಅಳೆಯುವುದು ಬೇಜಾರು, ತಪ್ಪಿಗೂ ದಾರಿ. ಅದಕ್ಕೊಂದು ಉಪಾಯವಿದೆ. ಆರು ಮಿಲಿಮೀಟರ್ ಪ್ಲೈವುಡ್ಡಿನ ಅಗಲವಾದ ಪಟ್ಟಿಯ ಮೇಲೆ ಮೊದಲೇ ಹೇಳಿದ ನೆಟ್ಟನೆಯ ತುಂಡನ್ನು ಫೆವಿಕಾಲ್ ಹಾಕಿ, ಸ್ಕ್ರೂ ಬಿಗಿದು ಕೂರಿಸಿ. ಕೆಳಗಿನ ಪ್ಲೈವುಡ್ಡು ಬೇಕಾದ್ದಕ್ಕಿಂತ ಒಂದೆರಡು ಇಂಚು ಹೆಚ್ಚೇ ಚಾಚಿಕೊಂಡಿರಲಿ. ಆಮೇಲೆ ಗರಗಸದ ಬೇಸನ್ನು ಮೇಲಿನ ತುಂಡಿಗೆ ಒತ್ತಿ ಹಿಡಿದು ಒಮ್ಮೆ ಉದ್ದಕ್ಕೂ ಓಡಿಸಿ. ಚಾಚಿಕೊಂಡಿದ್ದ ಪ್ಲೈವುಡ್ಡು ಕತ್ತರಿಸಿ ಬೀಳುತ್ತದೆ. ಉಳಿದ ಅಂಚು ಈಗ ಸರಿಯಾಗಿ ನಿಮ್ಮ ಬ್ಲೇಡು ಓಡುವ ಜಾಗ. ಇನ್ನು ಮೇಲೆ ಆ ಅಂಚನ್ನು ಗೆರೆಗೆ ಕೂರಿಸಿ ಕ್ಲಾಂಪ್ ಬಿಗಿದರೆ ಮುಗಿಯಿತು, ಅಳತೆಯೇ ಬೇಡ. ಇನ್ನೊಂದು ಲಾಭವೂ ಇದೆ. ಈ ಗರಗಸದ ಹಲ್ಲು ಕೆಳಗಿನಿಂದ ಮೇಲಕ್ಕೆ ಏಳುತ್ತಾ ಕುಯ್ಯುತ್ತದೆ, ಹಾಗಾಗಿ ಸಿಬಿರು ಏಳುವುದು ಮೇಲಿನ ಮುಖದಲ್ಲಿ. ಪ್ಲೈವುಡ್ಡಿನ ಅಂಚು ಗೆರೆಯ ಪಕ್ಕದಲ್ಲೇ ಮರವನ್ನು ಒತ್ತಿ ಹಿಡಿದಿರುವುದರಿಂದ ತೆಂಗಿನ ನಾರು ಕಿತ್ತೇಳುವುದಿಲ್ಲ. ಪಟ್ಟಿ ಇಲ್ಲದೆ ಕುಯ್ಯುವವರು ಚೆಂದದ ಮುಖವನ್ನು ಕೆಳಗೆ ಮಾಡಿಕೊಳ್ಳಬೇಕು. ಗರಗಸ ಬದಲಾದರೆ, ದಪ್ಪ ಬೇರೆಯ ಬ್ಲೇಡು ಹಾಕಿದರೆ ಈ ಪಟ್ಟಿ ಕೆಲಸಕ್ಕೆ ಬರುವುದಿಲ್ಲ, ಹೊಸದು ಮಾಡಿಕೊಳ್ಳಬೇಕು.

ದುಂಡು ಅಂಚಿನ ತೆಂಗಿನ ಹಲಗೆಗೆ ಕ್ಲಾಂಪ್ ಕೂರುವುದು ಕಷ್ಟ. ಪಟ್ಟಿಯನ್ನು ಎರಡು ಸಣ್ಣ ಮೊಳೆಯಿಂದ, ಹೇಗೂ ಬಿಸಾಡುವ ಮೆದು ಭಾಗಕ್ಕೆ ಬಡಿದರೆ ಸಾಕು, ಬ್ಲೇಡಿನ ದಾರಿಯಿಂದ ಮೊಳೆ ದೂರವಿರಲಿ. ಕೆಚ್ಚಿಗೆ ಬಡಿದರೆ ಮೊಳೆಯೇ ಬಾಗುತ್ತದೆ.

ಬ್ಲೇಡಿನ ದಪ್ಪವನ್ನು ಮರೆಯುವುದು ಎಲ್ಲರೂ ಮಾಡುವ ಕೆಲಸ. ಎಂಟಿಂಚಿನ ಹಲಗೆಯಲ್ಲಿ ಎರಡಿಂಚಿನ ನಾಲ್ಕು ರಿಪೀಸು ಬರುತ್ತದೆಂದು ಒಟ್ಟಿಗೇ ಮೂರು ಗೆರೆ ಎಳೆದುಬಿಡುತ್ತಾರೆ. ಒಂದು ಕೊಯ್ತಕ್ಕೆ ಎರಡು ಮಿಲಿಮೀಟರ್ ಹೊಟ್ಟಾದರೆ ಮೂರಕ್ಕೆ ಆರು, ಅಂದರೆ ಎರಡು ನೂಲು. ಕೊನೆಯ ರಿಪೀಸು ಒಂದೂಮುಕ್ಕಾಲು ಇಂಚಿಗೇ ನಿಲ್ಲುತ್ತದೆ. ಗೆರೆ ಹಾಕಿದ ಕೂಡಲೇ ಬೇಡದ ಬದಿಗೆ ಒಂದು ಅಡ್ಡಗುರುತು ಹಾಕಿ, ಬ್ಲೇಡಿನ ಪೂರ್ತಿ ದಪ್ಪ ಆ ಬದಿಗೇ ಬೀಳುವ ಹಾಗೆ ಪಟ್ಟಿ ಕೂರಿಸಬೇಕು. ಒಂದು ರಿಪೀಸು ಕುಯ್ದ ಮೇಲೆಯೇ ಮುಂದಿನದಕ್ಕೆ ಅಳೆಯಬೇಕು.

ಯಂತ್ರದ ಕಡೆಯ ಪರೀಕ್ಷೆಗಳು ಕೆಲವಿವೆ, ಎಲ್ಲವನ್ನೂ ಪ್ಲಗ್ ಕಿತ್ತ ಮೇಲೆಯೇ ಮಾಡಬೇಕು. ಮೂಲೆಮಟ್ಟವನ್ನು ಬೇಸಿಗೆ ಒರಗಿಸಿ ಬ್ಲೇಡು ಲಂಬವಾಗಿದೆಯೇ ನೋಡಿ. ಮಟ್ಟ ತಾಗಬೇಕಾದದ್ದು ಬ್ಲೇಡಿನ ತಟ್ಟೆಗೆ, ಹಲ್ಲಿಗಲ್ಲ. ಮಷೀನಿನ ಮೇಲೆ ಅಚ್ಚು ಹಾಕಿದ ಸೊನ್ನೆ ಡಿಗ್ರಿಯನ್ನು ನಂಬಬೇಡಿ. ಆಮೇಲೆ ಬೇಸಿನ ಅಂಚಿಗೂ ಬ್ಲೇಡಿಗೂ ಇರುವ ಅಂತರವನ್ನು ಬ್ಲೇಡಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಎರಡೂ ಒಂದೇ ಇರಬೇಕು. ಅಟ್ಟದಿಂದ ಒಂದು ಸಲ ಕೆಳಗೆ ಬಿದ್ದ ಗರಗಸದ ತೆಳು ತಗಡಿನ ಬೇಸು ಸೊಟ್ಟಗಾಗಿರುತ್ತದೆ, ಪಟ್ಟಿ ಎಷ್ಟೇ ನೆಟ್ಟಗಿದ್ದರೂ ಬ್ಲೇಡು ಅದಕ್ಕೆ ಓರೆಯಾಗಿ ಉಜ್ಜುತ್ತಲೇ ಹೋಗುತ್ತದೆ. ಕುಯ್ದ ಮುಖ ಸುಟ್ಟು ಕಪ್ಪಾಗಿದ್ದರೆ ಬ್ಲೇಡು ಮೊಂಡೆಂದು ಬೈಯುವ ಮೊದಲು ಇದನ್ನು ನೋಡಬೇಕು. ಬ್ಲೇಡಿನ ಆಳ ಮರದ ದಪ್ಪಕ್ಕಿಂತ ಕಾಲಿಂಚು ಹೆಚ್ಚಿದ್ದರೆ ಸಾಕು. ಉದ್ದಕ್ಕೆ ಸೀಳಲು 24 ಹಲ್ಲು, ಅಡ್ಡಕ್ಕೆ ಕತ್ತರಿಸಲು 40, ಪ್ಲೈವುಡ್ಡಿಗೆ 60 ಎಂಬುದು ಏಳಿಂಚಿನ ಬ್ಲೇಡಿಗೆ ಸಾಮಾನ್ಯ ಲೆಕ್ಕ.

ಆಸರೆಯ ಮಾತು ನೆಟ್ಟಗೆ ಕುಯ್ಯುವುದಕ್ಕಷ್ಟೇ ಅಲ್ಲ, ಜೀವಕ್ಕೂ ಸಂಬಂಧಿಸಿದ್ದು. ಹಲಗೆಯ ಎರಡು ತುದಿಗೆ ಎರಡು ಇಟ್ಟಿಗೆ ಕೊಟ್ಟು ನಡುವೆ ಕುಯ್ಯುವುದನ್ನು ದಿನಾ ನೋಡುತ್ತೇವೆ. ಕೊಯ್ತ ಮುಗಿಯುತ್ತಾ ಬಂದಂತೆ ಹಲಗೆ ನಡುವೆ ಕುಸಿದು ಸಂದು ಮುಚ್ಚಿಕೊಳ್ಳುತ್ತದೆ, ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಬ್ಲೇಡಿನ ಹಿಂಭಾಗದ ಹಲ್ಲುಗಳು ಕೆಳಕ್ಕೆ ಇಳಿಯುತ್ತಾ ಮರವನ್ನು ಕಚ್ಚುವುದರಿಂದ ಇಡೀ ಗರಗಸ ಮರದಿಂದ ಹಾರಿ ಹಿಡಿದವರ ಕಡೆಗೇ ಬರುತ್ತದೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ಕೈ ತಡೆಯುವುದಕ್ಕೆ ಸಮಯವಿರುವುದಿಲ್ಲ. ಕತ್ತರಿಸಿ ಬೀಳುವ ತುಂಡು ಬಿಡುವಾಗಿ ಕೆಳಗೆ ಬೀಳುವಂತಿರಬೇಕು. ಇಲ್ಲವೇ ಉದ್ದಕ್ಕೂ ಆಸರೆ ಇರಬೇಕು. ನೆಲದ ಮೇಲೆ ಹಳೆಯ ಹಲಗೆಯೊಂದನ್ನು ಹಾಸಿ ಅದರ ಮೇಲೆ ಕುಯ್ಯುವ ಮರ ಇಟ್ಟರೆ ಎರಡು ಭಾಗವೂ ಅಲ್ಲೇ ಕೂತಿರುತ್ತವೆ, ಬ್ಲೇಡು ಕೆಳಗಿನ ಹಲಗೆಯನ್ನು ಕಾಲಿಂಚು ಗೀಚಿಕೊಂಡು ಹೋಗುತ್ತದೆ. ಉದ್ದ ಸೀಳುವಾಗ ಹಿಂದೆ ತೆರೆದುಕೊಂಡ ಸಂದಿಗೆ ಒಂದು ಸಣ್ಣ ಬೆಣೆ ಸಿಕ್ಕಿಸಬೇಕು, ಅದಕ್ಕೆ ಮಷೀನು ನಿಲ್ಲಿಸಿಯೇ ಕೈ ಹಾಕಬೇಕು. ನಿಲ್ಲುವುದು ಗೆರೆಯ ನೇರಕ್ಕಲ್ಲ, ಒಂದು ಮಗ್ಗುಲಿಗೆ.

ಕುಯ್ಯುವ ಗಳಿಗೆಯ ಬಗ್ಗೆ ಹೇಳುವುದು ಕಡಿಮೆ. ಬೇಸಿನ ಮುಂಭಾಗವನ್ನು ಮರದ ಮೇಲೆ ಕೂರಿಸಿ, ಬ್ಲೇಡು ಮರಕ್ಕೆ ತಾಗದಂತೆ ಹಿಡಿದು ಸ್ವಿಚ್ ಒತ್ತಿ, ಪೂರ್ತಿ ವೇಗ ಬಂದ ಮೇಲೆ ಮುಂದಕ್ಕೆ ತಳ್ಳಬೇಕು. ಆಮೇಲೆ ಎಲ್ಲಿ ನೋಡಬೇಕೆಂಬುದೇ ಪ್ರಶ್ನೆ. ಈ ಕಡೆಯ ಒಂದು ಅಟ್ಟದ ಕೆಲಸದಲ್ಲಿ ಹಿರಿಯ ಆಚಾರಿಯೊಬ್ಬರು ಹುಡುಗನಿಗೆ ಕಲಿಸುತ್ತಿದ್ದರು.

“ಬ್ಲೇಡ್ ನೋಡ್ಬೇಡ ಕಣ್ಲಾ, ಪಟ್ಟಿ ನೋಡು. ಬೇಸು ಪಟ್ಟಿ ಬಿಟ್ಟು ಆಚೆ ಬಂತಾ, ಅದೊಂದೇ ನೋಡ್ಕೊ.”

“ಗೆರೆ ಕಾಣಕಿಲ್ವಲ್ಲ ಅಣ್ಣ?”

“ಗೆರೆ ಕೆಲ್ಸ ಪಟ್ಟಿ ಇಕ್ದಾಗ್ಲೇ ಮುಗೀತು. ತಳ್ಳು.”

ಹುಡುಗ ತಳ್ಳಿದ. ರಿಪೀಸು ನೆಟ್ಟಗೇ ಬಂತು. ಬ್ಲೇಡನ್ನು ನೋಡುತ್ತಾ ತಳ್ಳುವವನಿಗೆ ತಪ್ಪು ಕಾಣುವುದು ಅದು ಆದ ಮೇಲೆ. ಬೇಸು ಪಟ್ಟಿಯಿಂದ ಕೂದಲೆಳೆ ಸರಿದರೂ ಪಟ್ಟಿ ನೋಡುವವನಿಗೆ ಆ ಕ್ಷಣವೇ ತಿಳಿಯುತ್ತದೆ. ಸರಿದರೆ ತಿರುಚಿ ಸರಿಮಾಡಲು ಹೋಗಬಾರದು. ಸ್ವಿಚ್ ಬಿಟ್ಟು, ಬ್ಲೇಡು ನಿಂತ ಮೇಲೆ ಒಂದು ಗೇಣು ಹಿಂದಕ್ಕೆ ಬಂದು ಮತ್ತೆ ಶುರು ಮಾಡಬೇಕು.

ಹಳ್ಳಿಯ ಕರೆಂಟಿನ ಪಾತ್ರವೂ ಇದರಲ್ಲಿದೆ. ವೋಲ್ಟೇಜ್ ಇಳಿದ ಹೊತ್ತಿನಲ್ಲಿ ಬ್ಲೇಡಿನ ವೇಗ ಕುಗ್ಗುತ್ತದೆ, ತಳ್ಳುವವನು ಇನ್ನಷ್ಟು ಒತ್ತುತ್ತಾನೆ, ಬ್ಲೇಡು ಬಾಗಿ ಮೆದು ಕಡೆಗೆ ಓಡುತ್ತದೆ. ಮನೆಯಿಂದ ತೋಟದವರೆಗೆ ಬಲ್ಬಿನ ತೆಳು ವೈರನ್ನು ಜೋಡಿಸಿಕೊಂಡು ಎಳೆದರೆ ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತದೆ, ವೈರೂ ಬಿಸಿಯಾಗುತ್ತದೆ. 2.5 ಚದರ ಮಿಲಿಮೀಟರ್ ವೈರು, ಜೋಡಣೆ ಇಲ್ಲದ್ದು, ಸುರುಳಿ ಪೂರ್ತಿ ಬಿಚ್ಚಿದ್ದು ಆಗಬೇಕು. ಮಷೀನಿನ ಸದ್ದು ತಗ್ಗಿತೆಂದರೆ ತಳ್ಳುವುದನ್ನೂ ತಗ್ಗಿಸಬೇಕು. ಸಂಜೆ ದೀಪ ಹತ್ತುವ ಹೊತ್ತಿಗೆ ಈ ಕೆಲಸ ಬೇಡವೇ ಬೇಡ.

ಒಂದು ಮಾತನ್ನು ಹೇಳದೆ ಮುಗಿಸುವಂತಿಲ್ಲ. ಗೆರೆ ಕಾಣುವುದಿಲ್ಲವೆಂದು ಕೆಳಗಿನ ಗಾರ್ಡನ್ನು ಮೇಲಕ್ಕೆತ್ತಿ ತಂತಿಯಲ್ಲಿ ಕಟ್ಟಿಬಿಟ್ಟ ಗರಗಸಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಪಟ್ಟಿ ಕಟ್ಟಿ ಕುಯ್ಯುವವರಿಗೆ ಗೆರೆ ಕಾಣಬೇಕಾಗೇ ಇಲ್ಲ, ಹಾಗಾಗಿ ಆ ನೆಪವೂ ಉಳಿಯುವುದಿಲ್ಲ. ನಿಮ್ಮ ಮನೆಯ ಗರಗಸಕ್ಕೆ ಅಂಥ ತಂತಿ ಇದ್ದರೆ ಇವತ್ತೇ ಬಿಚ್ಚಿಹಾಕಿ. ಪಂಚೆ, ಹೆಗಲ ಮೇಲಿನ ಟವೆಲ್ಲು, ಕೈಗವಸು ಇವ್ಯಾವುದೂ ತಿರುಗುವ ಬ್ಲೇಡಿನ ಹತ್ತಿರ ಬರಬಾರದು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಬೇಕು, ತೆಂಗಿನ ಹೊಟ್ಟು ಬಹಳ ನುಣ್ಣಗಿರುತ್ತದೆ. ಬ್ಲೇಡು ಬದಲಾಯಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವ ಕಡೆ ಇಟ್ಟುಕೊಳ್ಳಿ.